ಕೀಲಿಕೈ ಯಾರ ವಶದಲ್ಲಿ? ಗೂಢಲಿಪಿಯ ವಿದ್ಯುನ್ಮಾನ ಅಂಚೆ: ಕೆಲವು ಚಾರಿತ್ರಿಕ ಘಟ್ಟಗಳು

1. ವಿಷಯ ಪ್ರವೇಶ

ಚರಿತ್ರೆಯ ಆಕರಗಳಲ್ಲಿ ಪತ್ರಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಶಾಸನವನ್ನು ಎಲ್ಲರೂ ಕಾಣಲೆಂದು ಕೆತ್ತಿಸುತ್ತಿದ್ದರು; ಪತ್ರವನ್ನು ಒಬ್ಬರು ಓದಲೆಂದು ಬರೆಯುತ್ತಿದ್ದರು. ಶಾಸನದಲ್ಲಿ ದೊರೆಯದ ಸಂದೇಹ, ಆತಂಕ, ಒಳಜಗಳ, ಸ್ನೇಹಗಳು ಪತ್ರದಲ್ಲಿ ದೊರೆಯುವುದು ಇದರಿಂದಲೇ. ಕಳೆದ ಮೂರು ದಶಕಗಳಲ್ಲಿ ಪತ್ರವ್ಯವಹಾರದ ಬಹುಭಾಗವು ಕಾಗದವನ್ನು ತೊರೆದು, ಇ-ಮೇಲ್ ಎಂದು ಎಲ್ಲರೂ ಬಲ್ಲ ವಿದ್ಯುನ್ಮಾನ ಅಂಚೆಯನ್ನು ಆಶ್ರಯಿಸಿದೆ. ಈ ಅಂಚೆಯ ಒಂದು ಭಾಗವು ಗೂಢಲಿಪಿಗೆ ಪರಿವರ್ತಿತವಾಗಿ, ತಕ್ಕ ಕೀಲಿಕೈ ಉಳ್ಳವರು ಮಾತ್ರ ಓದಬಹುದಾದ ರೂಪದಲ್ಲಿ ಸಂಚರಿಸುತ್ತದೆ.

ಇಂತಹ ಪತ್ರವನ್ನು ಕೀಲಿಕೈಯ ನೆರವಿನಿಂದ ಓದುವ ಪದ್ಧತಿ ಹೇಗೆ ರೂಪುಗೊಂಡಿತು, ಅದರ ಸುತ್ತ ಯಾವ ವಿವಾದಗಳು ಎದ್ದವು, ನಮ್ಮ ದೇಶದ ಕಾನೂನು ಅದನ್ನು ಹೇಗೆ ಎದುರುಗೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕೀಲಿಕೈಯನ್ನು ಕಳ್ಳರ ಕಣ್ಣಿಗೆ ಬೀಳದಂತೆ ತಲುಪಿಸುವುದು ಹೇಗೆ ಎಂಬ ಪ್ರಶ್ನೆಗೆ ಗಣಿತಶಾಸ್ತ್ರವು 1970ರ ದಶಕದಲ್ಲಿಯೇ ಉತ್ತರ ನೀಡಿತು. ಆ ಕೀಲಿಕೈ ಯಾರ ವಶದಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ಗಣಿತದಿಂದ ಬಗೆಹರಿಯಲಿಲ್ಲ. ಅದು ನಾಗರಿಕ, ಪ್ರಭುತ್ವ ಮತ್ತು ಸೇವಾಸಂಸ್ಥೆಗಳ ನಡುವೆ ಕೈ ಬದಲಿಸುತ್ತಾ ಬಂದು, ಈಗ ಗ್ರಂಥಾಲಯ ಮತ್ತು ಪತ್ರಾಗಾರಗಳ ಬಾಗಿಲಿಗೆ ಬಂದು ನಿಂತಿದೆ ಎಂಬುದು ಇಲ್ಲಿಯ ಪ್ರತಿಪಾದನೆ.

2. ಮೊಹರಿನಿಂದ ತೆರೆದ ಕಾರ್ಡಿನವರೆಗೆ

ಸಂದೇಶವನ್ನು ಮರೆಮಾಚುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಗೂಢಚಾರರು ಸುದ್ದಿ ಸಾಗಿಸಲು ಬಳಸಬೇಕಾದ ಸಂಜ್ಞಾಲಿಪಿಯನ್ನು ಪ್ರಸ್ತಾಪಿಸುತ್ತದೆ. ವಾತ್ಸ್ಯಾಯನನ ಕಾಮಸೂತ್ರವು ಎಣಿಸುವ 64 ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೂ ಒಂದು. ಅಕ್ಷರಗಳನ್ನು ಪಲ್ಲಟಗೊಳಿಸಿ ಬರೆಯುವ ಕ್ರಮಗಳನ್ನು ಆ ಗ್ರಂಥದ ಮೇಲಣ ಯಶೋಧರನ ಜಯಮಂಗಲಾ ವ್ಯಾಖ್ಯಾನವು ವಿವರಿಸುತ್ತದೆ. ಇವೆಲ್ಲವುಗಳಲ್ಲಿಯೂ ಬರೆಯುವವನಿಗೂ ಓದುವವನಿಗೂ ಒಂದೇ ಸೂತ್ರ ಮೊದಲೇ ತಿಳಿದಿರಬೇಕಾಗಿತ್ತು.

ಈ ವಿದ್ಯೆಗೆ ಆಧುನಿಕ ತತ್ತ್ವವೊಂದನ್ನು ಒದಗಿಸಿದವರು ಆಗಸ್ಟ್ ಕೆರ್ಕಾಫ್ಸ್. 1883ರಲ್ಲಿ ಫ್ರೆಂಚ್ ಸೈನಿಕ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು, ಗೂಢಲಿಪಿಯ ವಿಧಾನವು ಶತ್ರುವಿನ ಕೈಸೇರಿದರೂ ತೊಂದರೆಯಾಗಬಾರದು, ರಹಸ್ಯವೆಲ್ಲವೂ ಸುಲಭವಾಗಿ ಬದಲಿಸಬಹುದಾದ ಕೀಲಿಕೈಯಲ್ಲಿಯೇ ಅಡಗಿರಬೇಕು ಎಂಬ ನಿಲುವನ್ನು ತಳೆದರು. ಈ ತತ್ತ್ವವು ಅಂಗೀಕೃತವಾದೊಡನೆ ಮತ್ತೊಂದು ತೊಡಕು ಸ್ಪಷ್ಟವಾಯಿತು. ದೂರದಲ್ಲಿರುವ ಇಬ್ಬರು ಗುಟ್ಟಾಗಿ ಮಾತನಾಡಬೇಕಾದರೆ ಮೊದಲು ಅವರು ಗುಟ್ಟಾಗಿ ಕೀಲಿಕೈಯನ್ನು ಹಂಚಿಕೊಂಡಿರಬೇಕು. ರಾಯಭಾರ ಕಚೇರಿಗಳು ಇದಕ್ಕಾಗಿ ನಂಬಿಕಸ್ಥ ದೂತರನ್ನು ಕಳುಹಿಸುತ್ತಿದ್ದವು. ಸಾಮಾನ್ಯ ನಾಗರಿಕನಿಗೆ ಅಂತಹ ಸೌಲಭ್ಯವಿರಲಿಲ್ಲ. ಅವನಿಗೆ ಅಂಟಿಸಿದ ಲಕೋಟೆ ಮತ್ತು ಅರಗಿನ ಮೊಹರುಗಳೇ ರಕ್ಷಣೆ. ಅದನ್ನು ಒಡೆಯುವ ಅಧಿಕಾರವನ್ನು ಪ್ರಭುತ್ವವು ತನಗೇ ಕಾಯ್ದಿರಿಸಿಕೊಂಡಿತ್ತು. 1885ರ ಭಾರತೀಯ ತಂತಿ ಕಾಯಿದೆಯ 5ನೆಯ ಕಲಮು ಮತ್ತು 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 26ನೆಯ ಕಲಮು ಈ ಅಧಿಕಾರವನ್ನು ನೀಡಿದ್ದವು. 2023ರಲ್ಲಿ ಅಂಗೀಕೃತವಾದ ದೂರಸಂಪರ್ಕ ಕಾಯಿದೆ ಮತ್ತು ಅಂಚೆ ಕಚೇರಿ ಕಾಯಿದೆಗಳಲ್ಲಿಯೂ ಅದು ಮುಂದುವರಿದಿದೆ.

ವಿದ್ಯುನ್ಮಾನ ಅಂಚೆಗೆ ಲಕೋಟೆಯ ರಕ್ಷಣೆಯೂ ಇರಲಿಲ್ಲ. 1971ರಲ್ಲಿ ರೇ ಟಾಮ್ಲಿನ್‌ಸನ್ ಅವರು ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಒಂದು ಗಣಕದಿಂದ ಮತ್ತೊಂದಕ್ಕೆ ಸಂದೇಶ ಕಳುಹಿಸಿದರು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ರೂಪಿಸಿದ ಅಂಚೆ ರವಾನೆಯ ನಿಯಮಾವಳಿಯಲ್ಲಿ ಗೋಪ್ಯತೆಯ ಏರ್ಪಾಡು ಇರಲಿಲ್ಲ. ಸಂದೇಶವು ಹಾದುಹೋಗುವ ಪ್ರತಿಯೊಂದು ಗಣಕದಲ್ಲಿಯೂ ಅದರ ಒಕ್ಕಣೆಯನ್ನು ತೆರೆದ ಅಂಚೆ ಕಾರ್ಡಿನಂತೆ ಓದಬಹುದಾಗಿತ್ತು. ವಿಶ್ವವಿದ್ಯಾಲಯಗಳ ಚಿಕ್ಕ ಬಳಗಕ್ಕೆ ಇದು ಸಮಸ್ಯೆಯೆನಿಸಲಿಲ್ಲ. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮೊದಲ ಎಂಟು ಕೇಂದ್ರಗಳಲ್ಲಿ ಒಂದಾಗಿದ್ದು, ಅಲ್ಲಿಯೂ ಅಂಚೆಯು ವಿದ್ವಾಂಸರ ನಡುವಿನ ವ್ಯವಹಾರವೇ ಆಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ತೆರೆದ ಅನಂತರ ವ್ಯಾಪಾರಿ, ವಕೀಲ, ಪತ್ರಕರ್ತರೆಲ್ಲರೂ ಈ ತೆರೆದ ಕಾರ್ಡನ್ನು ಬಳಸತೊಡಗಿದರು.

3. ಎರಡು ಕೀಲಿಕೈಗಳ ಕಲ್ಪನೆ

ಕೀಲಿಕೈಯನ್ನು ಹಂಚುವ ತೊಡಕಿಗೆ ಪರಿಹಾರವು ಎರಡು ಕಡೆಗಳಲ್ಲಿ, ಒಂದು ಕಡೆ ಗುಟ್ಟಾಗಿಯೂ ಮತ್ತೊಂದು ಕಡೆ ಬಹಿರಂಗವಾಗಿಯೂ ದೊರೆಯಿತು. ಬ್ರಿಟನ್ನಿನ ಸರಕಾರಿ ಸಂಪರ್ಕ ಸಂಸ್ಥೆಯಾದ ಜಿಸಿಎಚ್‌ಕ್ಯೂದಲ್ಲಿ ಜೇಮ್ಸ್ ಎಲಿಸ್ 1970ರಲ್ಲಿ ಇದರ ಸಾಧ್ಯತೆಯನ್ನು ಮಂಡಿಸಿದರು. 1973ರಲ್ಲಿ ಕ್ಲಿಫರ್ಡ್ ಕಾಕ್ಸ್, 1974ರಲ್ಲಿ ಮಾಲ್ಕಮ್ ವಿಲಿಯಮ್‌ಸನ್ ಅದಕ್ಕೆ ಗಣಿತರೂಪ ನೀಡಿದರು. ಈ ಸಂಗತಿ ಹೊರಬಂದದ್ದು 1997ರ ಡಿಸೆಂಬರಿನಲ್ಲಿ. ಅದಕ್ಕೆ ಕೆಲವೇ ವಾರಗಳ ಮೊದಲು ಎಲಿಸ್ ತೀರಿಕೊಂಡಿದ್ದರು.

ಬಹಿರಂಗ ಚರಿತ್ರೆಯು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯಿತು. ರಾಲ್ಫ್ ಮರ್ಕಲ್ 1974ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಇಂತಹ ವಿಚಾರವೊಂದನ್ನು ರೂಪಿಸಿದ್ದರು. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರ ನವೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧವು ಸಾರ್ವಜನಿಕ ಕೀಲಿಕೈಯ ತತ್ತ್ವವನ್ನು ಲೋಕದ ಮುಂದಿಟ್ಟಿತು. ಒಬ್ಬ ವ್ಯಕ್ತಿಗೆ ಎರಡು ಕೀಲಿಕೈಗಳಿರುತ್ತವೆ. ಒಂದನ್ನು ಎಲ್ಲರಿಗೂ ಹಂಚಬಹುದು. ಅದರಿಂದ ಬೀಗ ಹಾಕಬಹುದೇ ಹೊರತು ತೆಗೆಯಲಾಗದು. ಇನ್ನೊಂದು ಆ ವ್ಯಕ್ತಿಯ ಬಳಿಯೇ ಇರುವ ಖಾಸಗಿ ಕೀಲಿಕೈ. ಬೀಗ ತೆರೆಯುವುದು ಅದರಿಂದ ಮಾತ್ರ. 1977ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಅವರು ಈ ತತ್ತ್ವವನ್ನು ಕಾರ್ಯಗತಗೊಳಿಸುವ ವಿಧಾನವನ್ನು ಕಂಡುಹಿಡಿದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂಬ ಹೆಸರು ಬಂದಿತು. 1978ರ ಫೆಬ್ರವರಿಯಲ್ಲಿ ಪ್ರಕಟವಾದ ಅವರ ಪ್ರಬಂಧವು ವಿದ್ಯುನ್ಮಾನ ಅಂಚೆಯ ಪ್ರಸ್ತಾಪದಿಂದಲೇ ಆರಂಭವಾಗುತ್ತದೆ. ಕಾಗದದ ಅಂಚೆಗಿದ್ದ ಗೋಪ್ಯತೆ ಮತ್ತು ಸಹಿ ಎಂಬ ಎರಡು ಗುಣಗಳು ಹೊಸ ಅಂಚೆಯಲ್ಲಿಯೂ ಉಳಿಯಬೇಕೆಂಬುದು ಅದರ ಆಶಯ.

ಈ ವಿಧಾನದ ಮರ್ಮವನ್ನು ಚಿಕ್ಕ ಸಂಖ್ಯೆಗಳಿಂದ ತಿಳಿಯಬಹುದು. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 33. ಸಾರ್ವಜನಿಕ ಕೀಲಿಕೈ 33 ಮತ್ತು 3; ಖಾಸಗಿ ಕೀಲಿಕೈ 33 ಮತ್ತು 7 ಎಂದಿರಲಿ. ಕಳುಹಿಸಬೇಕಾದ ಅಂಕಿ 4 ಆದರೆ, ಕಳುಹಿಸುವವನು ಅದರ ಘನವಾದ 64ನ್ನು 33ರಿಂದ ಭಾಗಿಸಿ ಶೇಷವಾದ 31ನ್ನು ರವಾನಿಸುತ್ತಾನೆ. ಪಡೆದವನು 31ರ 7ನೆಯ ಘಾತವನ್ನು 33ರಿಂದ ಭಾಗಿಸಿದರೆ ಶೇಷವಾಗಿ 4 ಮರಳಿ ಬರುತ್ತದೆ. 33ನ್ನು ಅಪವರ್ತಿಸುವುದು ಬಾಲಕರಿಗೂ ಸಾಧ್ಯ. ನೂರಾರು ಅಂಕಿಗಳ ಸಂಖ್ಯೆಯಾದರೆ ಮೂಲದ ಎರಡು ಅವಿಭಾಜ್ಯಗಳನ್ನು ಹುಡುಕುವುದು ಅತ್ಯಂತ ಕಠಿನ. ಭದ್ರತೆಯೆಲ್ಲವೂ ಈ ಕಾಠಿನ್ಯದಲ್ಲಿದೆ. ಆ ಕಾಠಿನ್ಯಕ್ಕೂ ಮಿತಿಯುಂಟು. 1977ರಲ್ಲಿ ಸವಾಲಾಗಿ ಪ್ರಕಟಿಸಿದ 129 ಅಂಕಿಗಳ ಸಂಖ್ಯೆಯನ್ನು 1994ರಲ್ಲಿ ಸುಮಾರು 600 ಸ್ವಯಂಸೇವಕರು ಅಂತರ್ಜಾಲದ ಮೂಲಕ ಗಣಕಗಳನ್ನು ಒಗ್ಗೂಡಿಸಿ ಅಪವರ್ತಿಸಿದರು. ಅಂದಿನಿಂದ ಕೀಲಿಕೈಗಳ ಉದ್ದ ಹೆಚ್ಚುತ್ತಲೇ ಬಂದಿದೆ.

ರೂಢಿಯಲ್ಲಿರುವ ವ್ಯವಸ್ಥೆಯಲ್ಲಿ ಇಡೀ ಪತ್ರವನ್ನು ಈ ನಿಧಾನವಾದ ಗಣಿತದಿಂದ ಗೂಢಗೊಳಿಸುವುದಿಲ್ಲ. ಪ್ರತಿಯೊಂದು ಪತ್ರಕ್ಕೂ ತಂತ್ರಾಂಶವು ಹೊಸದಾಗಿ ಒಂದು ತಾತ್ಕಾಲಿಕ ಕೀಲಿಕೈಯನ್ನು ಹುಟ್ಟಿಸುತ್ತದೆ. ಪತ್ರವನ್ನು ಅದರಿಂದ ಮುಚ್ಚಿ, ಆ ಕೀಲಿಕೈಯನ್ನು ಮಾತ್ರ ಸ್ವೀಕರಿಸುವವನ ಸಾರ್ವಜನಿಕ ಕೀಲಿಕೈಯಿಂದ ಮುಚ್ಚಿ ಜೊತೆಗೆ ಕಳುಹಿಸುತ್ತದೆ. ಸ್ವೀಕರಿಸಿದವನು ತನ್ನ ಪಾಸ್‌ವರ್ಡ್ ನೀಡಿದಾಗ ಅವನ ಗಣಕದಲ್ಲಿರುವ ಖಾಸಗಿ ಕೀಲಿಕೈ ತೆರೆದುಕೊಳ್ಳುತ್ತದೆ. ಅದು ತಾತ್ಕಾಲಿಕ ಕೀಲಿಕೈಯನ್ನು, ಅದು ಪತ್ರವನ್ನು ತೆರೆಯುತ್ತದೆ. ಐವರಿಗೆ ಕಳುಹಿಸಿದರೆ ಪತ್ರ ಒಂದೇ, ಮುಚ್ಚಿದ ಕೀಲಿಕೈಯ ಪ್ರತಿಗಳು ಐದು. ಕಳುಹಿಸಿದವನು ತನ್ನನ್ನೂ ಓದುಗರ ಪಟ್ಟಿಯಲ್ಲಿ ಸೇರಿಸಿಕೊಳ್ಳದಿದ್ದರೆ ತಾನೇ ಬರೆದ ಪತ್ರದ ಗೂಢಪ್ರತಿಯನ್ನು ಅವನೂ ಓದಲಾರ. ಕಳುಹಿಸಿದವರ ಮತ್ತು ಪಡೆದವರ ವಿಳಾಸ, ದಿನಾಂಕ, ಹಾಗೂ ಸಾಮಾನ್ಯವಾಗಿ ವಿಷಯಸೂಚಿಯ ಸಾಲು ಗೂಢವಾಗದೆ ಉಳಿಯುತ್ತವೆ. ಈ ವಿವರಗಳು ಮುಂದೆ ಪತ್ರಾಗಾರದ ಚರ್ಚೆಯಲ್ಲಿ ಮಹತ್ವ ಪಡೆಯುತ್ತವೆ.

4. ಪಿಜಿಪಿ: ಪುಸ್ತಕವಾಗಿ ಗಡಿ ದಾಟಿದ ತಂತ್ರಾಂಶ

ಹದಿಮೂರು ವರ್ಷಗಳ ಕಾಲ ಈ ಗಣಿತವು ಬಹುಮಟ್ಟಿಗೆ ವಿದ್ವಾಂಸರ ಮತ್ತು ಸಂಸ್ಥೆಗಳ ಸೊತ್ತಾಗಿತ್ತು. 1991ರ ಜೂನ್ ತಿಂಗಳಲ್ಲಿ ಫಿಲ್ ಝಿಮ್ಮರ್‌ಮನ್ ಎಂಬ ಅಮೆರಿಕನ್ ತಂತ್ರಜ್ಞರು ಪ್ರೆಟಿ ಗುಡ್ ಪ್ರೈವೆಸಿ ಎಂಬ, ಪಿಜಿಪಿ ಎಂದು ಪ್ರಸಿದ್ಧವಾದ, ತಂತ್ರಾಂಶವನ್ನು ಉಚಿತವಾಗಿ ಬಿಡುಗಡೆ ಮಾಡಿದರು. ಸಂಪರ್ಕ ಸೇವೆಗಳು ಸಂದೇಶದ ಮೂಲಪಾಠವನ್ನು ಸರಕಾರಕ್ಕೆ ಒದಗಿಸುವಂತಿರಬೇಕೆಂಬ ಆಶಯದ ಮಸೂದೆಯೊಂದು ಆ ವರ್ಷ ಅಮೆರಿಕದ ಸೆನೆಟ್ ಮುಂದೆ ಬಂದಿತ್ತು. ಅದು ಶಾಸನವಾಗುವ ಮೊದಲೇ ಸಾಧನವು ಜನರ ಕೈಸೇರಲಿ ಎಂಬುದು ಅವರ ಉದ್ದೇಶವಾಗಿತ್ತು.

ಅಂದಿನ ಅಮೆರಿಕದ ಕಾನೂನಿನಲ್ಲಿ ಬಲವಾದ ಗೂಢಲಿಪಿ ತಂತ್ರಾಂಶವು ಮದ್ದುಗುಂಡುಗಳ ಪಟ್ಟಿಯಲ್ಲಿ ಸೇರಿತ್ತು. ಅನುಮತಿಯಿಲ್ಲದೆ ಅದನ್ನು ರಫ್ತು ಮಾಡುವುದು ಅಪರಾಧ. ಪಿಜಿಪಿ ಅಂತರ್ಜಾಲದ ಮೂಲಕ ಬೇಗನೆ ಹೊರದೇಶಗಳನ್ನು ತಲುಪಿತು. 1993ರಲ್ಲಿ ಝಿಮ್ಮರ್‌ಮನ್ ವಿರುದ್ಧ ತನಿಖೆ ಆರಂಭವಾಯಿತು. ಮೂರು ವರ್ಷಗಳ ಕಾಲ ಅದು ಅವರ ತಲೆಯ ಮೇಲೆ ತೂಗುತ್ತಿದ್ದು, ದೋಷಾರೋಪಣೆಯಿಲ್ಲದೆ 1996ರ ಜನವರಿಯಲ್ಲಿ ಕೊನೆಗೊಂಡಿತು.

ಈ ನಡುವೆ ನಡೆದ ಘಟನೆಯೊಂದು ಗ್ರಂಥಾಲಯಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಪಿಜಿಪಿಯ ಮೂಲ ಆಜ್ಞಾವಳಿಯನ್ನು ಆದ್ಯಂತವಾಗಿ ಅಚ್ಚುಮಾಡಿದ ಗ್ರಂಥವನ್ನು ಎಂಐಟಿ ಪ್ರೆಸ್ 1995ರಲ್ಲಿ ಹೊರತಂದಿತು. ಗಣಕದ ಫ್ಲಾಪಿಯನ್ನು ರಫ್ತು ಮಾಡಲು ಅನುಮತಿ ಬೇಕಾಗಿತ್ತು. ಮುದ್ರಿತ ಪುಸ್ತಕಕ್ಕೆ ಬೇಕಾಗಿರಲಿಲ್ಲ. ಅಮೆರಿಕದ ಸಂವಿಧಾನವು ಮುದ್ರಣಕ್ಕೆ ನೀಡಿರುವ ರಕ್ಷಣೆಯನ್ನು ಆಶ್ರಯಿಸಿ, 1997ರಲ್ಲಿ ಪಿಜಿಪಿಯ ಹೊಸ ಆವೃತ್ತಿಯ ಆಜ್ಞಾವಳಿಯನ್ನು ಅನೇಕ ಸಂಪುಟಗಳಾಗಿ ಅಚ್ಚುಮಾಡಿ ಯೂರೋಪಿಗೆ ಕಳುಹಿಸಲಾಯಿತು. ಅಲ್ಲಿಯ ಸ್ವಯಂಸೇವಕರು ಪುಟಪುಟವನ್ನೂ ಸ್ಕ್ಯಾನ್ ಮಾಡಿ, ಅಕ್ಷರದೋಷಗಳನ್ನು ತಿದ್ದಿ, ಮತ್ತೆ ತಂತ್ರಾಂಶವಾಗಿಸಿದರು. ಹಸ್ತಪ್ರತಿಯ ಪಾಠವನ್ನು ಪರಿಷ್ಕರಿಸುವವರಿಗೆ ಪರಿಚಿತವಾದ ಶ್ರಮವೇ ಇದು. ಒಂದು ಅಲ್ಪವಿರಾಮ ತಪ್ಪಿದರೂ ಯಂತ್ರ ಓಡದು ಎಂಬ ನಿರ್ಬಂಧವೊಂದು ಇಲ್ಲಿ ಹೆಚ್ಚಿಗೆ. 1996ರ ನವೆಂಬರಿನ ಅಧ್ಯಕ್ಷೀಯ ಆದೇಶದಿಂದ ಗೂಢಲಿಪಿ ತಂತ್ರಾಂಶವು ಮದ್ದುಗುಂಡುಗಳ ಪಟ್ಟಿಯಿಂದ ವಾಣಿಜ್ಯ ಇಲಾಖೆಯ ನಿಯಂತ್ರಣಕ್ಕೆ ಬಂದಿತ್ತು; 2000ದ ಜನವರಿಯಲ್ಲಿ ನಿಯಮಗಳು ಮತ್ತಷ್ಟು ಸಡಿಲವಾದವು.

ಖಾಸಗಿ ಸಂಸ್ಥೆಗಳ ಹಿಡಿತವೂ ಕ್ರಮೇಣ ಕಡಿಮೆಯಾಯಿತು. 1998ರಲ್ಲಿ ಓಪನ್‌ಪಿಜಿಪಿ ಎಂಬ ಮುಕ್ತ ಮಾನಕವು ಸಿದ್ಧವಾಯಿತು. ಜರ್ಮನಿಯ ವರ್ನರ್ ಕೋಕ್ ಅದನ್ನು ಆಧರಿಸಿದ ಜಿಎನ್‌ಯು ಪ್ರೈವೆಸಿ ಗಾರ್ಡ್ ಎಂಬ ಮುಕ್ತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿಯನ್ನು 1999ರಲ್ಲಿ ನೀಡಿದರು. ಆರ್‌ಎಸ್‌ಎ ವಿಧಾನದ ಅಮೆರಿಕನ್ ಪೇಟೆಂಟ್ 2000ದ ಸೆಪ್ಟೆಂಬರಿನಲ್ಲಿ ಮುಗಿಯಿತು. ಓಪನ್‌ಪಿಜಿಪಿ ಮಾನಕವು 2007ರಲ್ಲಿ ಮತ್ತು 2024ರಲ್ಲಿ ಪರಿಷ್ಕರಣೆಗೊಂಡಿದೆ.

5. ನಂಬಿಕೆ ಮತ್ತು ಬಳಕೆಯ ತೊಡಕುಗಳು

ಸಾರ್ವಜನಿಕ ಕೀಲಿಕೈಯನ್ನು ಗುಟ್ಟಾಗಿಡಬೇಕಿಲ್ಲ, ನಿಜ. ಆದರೆ ಅದು ಯಾರದೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಬೇರೊಬ್ಬನು ನಮ್ಮ ಮಿತ್ರನ ಹೆಸರಿನಲ್ಲಿ ತನ್ನ ಕೀಲಿಕೈಯನ್ನು ಪ್ರಕಟಿಸಿದರೆ, ಮಿತ್ರನಿಗೆಂದು ಮುಚ್ಚಿದ ಪತ್ರವನ್ನು ಅವನೇ ತೆರೆಯುತ್ತಾನೆ. ಇದಕ್ಕೆ ಎರಡು ಪರಿಹಾರಗಳು ಮೂಡಿದವು. 1978ರಲ್ಲಿ ಎಂಐಟಿಯ ವಿದ್ಯಾರ್ಥಿ ಲೋರೆನ್ ಕೋನ್‌ಫೆಲ್ಡರ್ ತಮ್ಮ ಪದವಿ ಪ್ರಬಂಧದಲ್ಲಿ ಪ್ರಮಾಣಪತ್ರದ ಕಲ್ಪನೆಯನ್ನು ಮಂಡಿಸಿದರು. ಮಾನ್ಯತೆ ಪಡೆದ ಪ್ರಾಧಿಕಾರವೊಂದು ಇಂತಹ ಕೀಲಿಕೈ ಇಂತಹವರದೆಂದು ಸಹಿ ಹಾಕುತ್ತದೆ. ಕಚೇರಿಗಳಲ್ಲಿ ಬಳಕೆಯಲ್ಲಿರುವ ಎಸ್‌/ಮೈಮ್ ಪದ್ಧತಿಯು ಈ ಮಾರ್ಗವನ್ನು ಅನುಸರಿಸುತ್ತದೆ. ಪಿಜಿಪಿಯು ಪ್ರಾಧಿಕಾರವನ್ನು ಒಪ್ಪದೆ, ಪರಸ್ಪರ ಬಲ್ಲವರು ಒಬ್ಬರ ಕೀಲಿಕೈಗೆ ಮತ್ತೊಬ್ಬರು ಸಾಕ್ಷಿ ಹಾಕುವ ಕ್ರಮವನ್ನು ತಂದಿತು. ಗ್ರಾಮದ ಕ್ರಯಪತ್ರಕ್ಕೆ ಊರಿನವರು ಸಾಕ್ಷಿ ಹಾಕುತ್ತಿದ್ದ ರೂಢಿಯನ್ನು ಇದು ನೆನಪಿಸುತ್ತದೆ.

ಎರಡು ಮಾರ್ಗಗಳೂ ಸಾಮಾನ್ಯ ಬಳಕೆದಾರನಿಗೆ ಸುಲಭವಾಗಲಿಲ್ಲ. 1999ರಲ್ಲಿ ಅಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಅವರು ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಪ್ರಸಿದ್ಧವಾದುದು. ಇ-ಮೇಲ್ ಬಳಕೆ ಬಲ್ಲ 12 ಮಂದಿಗೆ ಪಿಜಿಪಿ 5.0 ತಂತ್ರಾಂಶವನ್ನೂ 90 ನಿಮಿಷಗಳ ಅವಧಿಯನ್ನೂ ನೀಡಲಾಯಿತು. ಸಂದೇಶವನ್ನು ಸರಿಯಾಗಿ ಸಹಿ ಮಾಡಿ ಗೂಢಗೊಳಿಸಿ ಕಳುಹಿಸಿದವರು ಮೂರರಲ್ಲಿ ಒಂದು ಭಾಗದಷ್ಟು ಮಾತ್ರ. ಮೂವರು ರಹಸ್ಯವನ್ನು ಅರಿವಿಲ್ಲದೆ ತೆರೆದ ರೂಪದಲ್ಲಿಯೇ ಕಳುಹಿಸಿಬಿಟ್ಟರು. ಎಡ್ವರ್ಡ್ ಸ್ನೋಡನ್ 2012ರ ಡಿಸೆಂಬರಿನಲ್ಲಿ ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರನ್ನು ಹೆಸರು ಮರೆಸಿ ಸಂಪರ್ಕಿಸಿ, ಪಿಜಿಪಿಯನ್ನು ಅಳವಡಿಸಿಕೊಳ್ಳುವಂತೆ ಕೇಳಿದಾಗ, ಆ ಕೆಲಸ ತಿಂಗಳುಗಟ್ಟಲೆ ನೆನೆಗುದಿಗೆ ಬಿದ್ದಿತು. ಗೂಢಲಿಪಿಯ ಬಳಕೆ ಬಲ್ಲ ಚಿತ್ರನಿರ್ಮಾಪಕಿ ಲಾರಾ ಪೋಯ್ಟ್ರಸ್ ಅವರ ಮೂಲಕ 2013ರಲ್ಲಿ ಮಾತುಕತೆ ಮುಂದುವರಿಯಿತು. 2018ರಲ್ಲಿ ಜರ್ಮನಿ ಮತ್ತು ಬೆಲ್ಜಿಯಮ್ಮಿನ ಸಂಶೋಧಕರು ಈಫೇಲ್ ಎಂಬ ಹೆಸರಿನಿಂದ ಪ್ರಕಟಿಸಿದ ದೋಷವೂ ಇಲ್ಲಿ ಉಲ್ಲೇಖನೀಯ. ಗೂಢಲಿಪಿಯನ್ನು ಸರಿಯಾದ ಕೀಲಿಕೈಯಿಂದ ಬಿಡಿಸಿದ ಮೇಲೆ, ಅಂಚೆ ಓದುವ ಕೆಲವು ತಂತ್ರಾಂಶಗಳು ಚಿತ್ರಗಳ ಕೊಂಡಿಯ ಮೂಲಕ ಮೂಲಪಾಠವನ್ನು ಹೊರಗೆ ಸೋರಿಸುವಂತೆ ಮಾಡಬಹುದೆಂದು ಅವರು ತೋರಿಸಿದರು.

6. ಪ್ರಭುತ್ವವು ಕೀಲಿಕೈಯನ್ನು ಕೇಳಿದಾಗ

ಕೀಲಿಕೈಯ ಒಂದು ಪ್ರತಿ ಸರಕಾರದ ಬಳಿ ಇರಬೇಕೆಂಬ ಯೋಜನೆಯನ್ನು ಅಮೆರಿಕದ ಸರಕಾರವು 1993ರ ಏಪ್ರಿಲ್‌ನಲ್ಲಿ ಕ್ಲಿಪರ್ ಚಿಪ್ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಅದು ಮುಖ್ಯವಾಗಿ ದೂರವಾಣಿಗೆ ಸಂಬಂಧಿಸಿದುದು. ಪ್ರತಿಯೊಂದು ಸಾಧನದ ಕೀಲಿಕೈಯನ್ನು ಎರಡು ಭಾಗ ಮಾಡಿ ಎರಡು ಸರಕಾರಿ ಸಂಸ್ಥೆಗಳ ಬಳಿ ಇಡುವುದು, ಅಧಿಕೃತ ಆದೇಶವಿದ್ದಾಗ ಎರಡನ್ನೂ ಕೂಡಿಸಿ ಬಳಸುವುದು ಅದರ ಕ್ರಮ. 1994ರಲ್ಲಿ ಮ್ಯಾಟ್ ಬ್ಲೇಝ್ ಅವರು ಈ ಏರ್ಪಾಡನ್ನು ತಪ್ಪಿಸಬಹುದೆಂದು ತೋರಿಸಿದರು. ಸಾರ್ವಜನಿಕ ವಿರೋಧವೂ ಸೇರಿ ಯೋಜನೆ ಕುಸಿಯಿತು.

2013ರ ಲಾವಾಬಿಟ್ ಪ್ರಕರಣವು ಅಂಚೆಗೆ ನೇರವಾಗಿ ಸಂಬಂಧಿಸಿದೆ. ಸ್ನೋಡನ್ ಬಳಸುತ್ತಿದ್ದ ಈ ಅಂಚೆಸೇವೆಯ ಒಡೆಯರಾದ ಲ್ಯಾಡಾರ್ ಲೆವಿಸನ್ ಅವರಿಂದ ಅಮೆರಿಕದ ತನಿಖಾ ಸಂಸ್ಥೆಯು, ಸೇವೆಗೂ ಅದರ ಬಳಕೆದಾರರಿಗೂ ನಡುವಿನ ಸಂಪರ್ಕವನ್ನು ಕಾಯುವ ಖಾಸಗಿ ಕೀಲಿಕೈಗಳನ್ನು ಕೇಳಿತು. ಗುರಿಯಾಗಿದ್ದವನು ಒಬ್ಬ ಬಳಕೆದಾರ. ಕೀಲಿಕೈ ಮಾತ್ರ ಸುಮಾರು 4 ಲಕ್ಷ ಮಂದಿಗೆ ಸಾಮಾನ್ಯವಾದುದು. ನ್ಯಾಯಾಲಯದ ಆದೇಶಕ್ಕೆ ಪ್ರತಿಯಾಗಿ ಲೆವಿಸನ್ ಕೀಲಿಕೈಗಳನ್ನು ಓದಲಾಗದಷ್ಟು ಚಿಕ್ಕದಾದ 4 ಪಾಯಿಂಟ್ ಅಕ್ಷರಗಳಲ್ಲಿ 11 ಹಾಳೆಗಳ ಮೇಲೆ ಮುದ್ರಿಸಿ ಒಪ್ಪಿಸಿದರು. ಯಂತ್ರವು ಓದುವ ರೂಪದಲ್ಲಿ ನೀಡುವವರೆಗೆ ದಿನಕ್ಕೆ 5,000 ಡಾಲರ್ ದಂಡ ವಿಧಿಸಲಾಯಿತು. ಕೊನೆಗೆ ಅವರು ಕೀಲಿಕೈಗಳನ್ನು ನೀಡಿ, 2013ರ ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿದರು. ಪುಸ್ತಕದ ರೂಪದಲ್ಲಿ ತಂತ್ರಾಂಶವು ಗಡಿ ದಾಟಿದ 1990ರ ದಶಕದಲ್ಲಿ ಕಾಗದವು ನಾಗರಿಕನ ಪರವಾಗಿ ನಿಂತಿತ್ತು. ಈ ಬಾರಿ ಅದು ಕೆಲವು ದಿನಗಳ ಅವಕಾಶವನ್ನಷ್ಟೇ ಒದಗಿಸಿತು. ಕೀಲಿಕೈಯು ಮಧ್ಯವರ್ತಿಯ ವಶದಲ್ಲಿದ್ದಲ್ಲಿ ಒಬ್ಬನ ಮೇಲಣ ಶೋಧವು ಎಲ್ಲರ ಮೇಲಣ ಶೋಧವಾಗಬಲ್ಲದು ಎಂಬುದನ್ನು ಈ ಪ್ರಕರಣವು ಸ್ಪಷ್ಟಪಡಿಸಿತು.

7. ಭಾರತದ ಕಾನೂನಿನಲ್ಲಿ ಕೀಲಿಕೈ

2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಎರಡು ಕೀಲಿಕೈಗಳ ವ್ಯವಸ್ಥೆಗೆ ಭಾರತದಲ್ಲಿ ಶಾಸನಬದ್ಧ ಮಾನ್ಯತೆ ನೀಡಿತು. ಅಂಕೀಯ ಸಹಿಯನ್ನು ಅದು ಇದೇ ಗಣಿತದ ಮೇಲೆ ನಿಲ್ಲಿಸಿ, ಪ್ರಮಾಣಪತ್ರ ನೀಡುವ ಸಂಸ್ಥೆಗಳ ಮೇಲೆ ನಿಯಂತ್ರಕರನ್ನು ನೇಮಿಸಿತು. ಈ ಕಾಯಿದೆಯ ಎರಡು ಕಲಮುಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತ. 42ನೆಯ ಕಲಮು ಖಾಸಗಿ ಕೀಲಿಕೈಯ ಮೇಲಿನ ಹಿಡಿತವನ್ನು ಕಾಪಾಡಿಕೊಂಡು, ಅದು ಬಹಿರಂಗವಾಗದಂತೆ ಎಚ್ಚರ ವಹಿಸುವುದನ್ನು ಪ್ರಮಾಣಪತ್ರ ಪಡೆದವರ ಕರ್ತವ್ಯವೆಂದು ಸಾರುತ್ತದೆ. 69ನೆಯ ಕಲಮು ನಿರ್ದಿಷ್ಟ ಕಾರಣಗಳಿಗಾಗಿ ಸಂದೇಶವನ್ನು ಬಿಡಿಸಿಕೊಡುವಂತೆ ಆದೇಶಿಸುವ ಅಧಿಕಾರವನ್ನು ನೀಡುತ್ತದೆ. ನೆರವು ನಿರಾಕರಿಸಿದವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2008ರ ತಿದ್ದುಪಡಿ ಮತ್ತು 2009ರ ನಿಯಮಗಳು ಈ ಅಧಿಕಾರದ ಪ್ರಕ್ರಿಯೆಯನ್ನು ನಿಗದಿಪಡಿಸಿದವು. ಅವುಗಳಂತೆ ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಸಕ್ಷಮ ಪ್ರಾಧಿಕಾರಿಗಳು.

ನಿಯಮಗಳ ನಡುವಿನ ಅಸಂಗತಿಗಳೂ ಗಮನಾರ್ಹ. ಅಂತರ್ಜಾಲ ಸೇವಾಸಂಸ್ಥೆಗಳ ಅಂದಿನ ಪರವಾನಗಿ ಷರತ್ತುಗಳು 40 ಬಿಟ್‌ಗಳವರೆಗಿನ ಕೀಲಿಕೈಗೆ ಮಾತ್ರ ಮುಕ್ತ ಅವಕಾಶ ನೀಡಿದ್ದವು; ಅದಕ್ಕಿಂತ ಬಲವಾದುದಕ್ಕೆ ಅನುಮತಿ ಪಡೆದು, ಬಿಡಿಸುವ ಕೀಲಿಕೈಯನ್ನು ಎರಡು ಭಾಗವಾಗಿ ಠೇವಣಿ ಇಡಬೇಕಾಗಿತ್ತು. ಇತ್ತ ಭಾರತೀಯ ರಿಸರ್ವ್ ಬ್ಯಾಂಕು 2001ರಲ್ಲಿ ಅಂತರ್ಜಾಲ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್‌ಗಳ ರಕ್ಷಣೆಯನ್ನು ಸೂಚಿಸಿತು. 2010ರಲ್ಲಿ ಬ್ಲ್ಯಾಕ್‌ಬೆರಿ ಅಂಚೆಯನ್ನು ಕುರಿತು ಸರಕಾರಕ್ಕೂ ಅದನ್ನು ನಡೆಸುತ್ತಿದ್ದ ಕೆನಡಾದ ಸಂಸ್ಥೆಗೂ ವಿವಾದವಾದಾಗ, ಉದ್ಯಮಗಳ ಅಂಚೆಯ ಕೀಲಿಕೈ ತನ್ನ ಬಳಿ ಇಲ್ಲವೇ ಇಲ್ಲ, ಅದು ಗ್ರಾಹಕರ ಬಳಿ ಇದೆ ಎಂಬುದು ಸಂಸ್ಥೆಯ ವಾದವಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಗೂಢಲಿಪಿ ನೀತಿಯ ಕರಡು, ಬಳಕೆದಾರರು ಸಂದೇಶಗಳ ಮೂಲಪಾಠವನ್ನು 90 ದಿನ ಉಳಿಸಿಕೊಂಡಿರಬೇಕೆಂದು ಸೂಚಿಸಿ ತೀವ್ರ ಟೀಕೆಗೆ ಗುರಿಯಾಯಿತು. ಕೆಲವೇ ದಿನಗಳಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು.

ಈ ಚರ್ಚೆಯಲ್ಲಿ ಕರ್ನಾಟಕಕ್ಕೆ ಎರಡು ಕಡೆ ನೇರ ಸಂಬಂಧವಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ನೀಡಿದ ತೀರ್ಪಿಗೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಸಲ್ಲಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2021ರ ಮಾರ್ಚಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಆರೋಪಿಯು ದೂರವಾಣಿ ಮತ್ತು ಇ-ಮೇಲ್ ಖಾತೆಯ ಪಾಸ್‌ವರ್ಡನ್ನು ನೀಡುವುದು ಸಂವಿಧಾನದ 20(3)ನೆಯ ವಿಧಿಯು ನಿಷೇಧಿಸುವ ಸ್ವಯಂ ಸಾಕ್ಷ್ಯವಾಗುವುದಿಲ್ಲವೆಂದು ಅಭಿಪ್ರಾಯಪಟ್ಟು, ಶೋಧಕ್ಕೆ ಅನುಸರಿಸಬೇಕಾದ ಮಾರ್ಗಸೂಚಿಗಳನ್ನು ವಿಧಿಸಿತು. ದೆಹಲಿಯ ವಿಶೇಷ ನ್ಯಾಯಾಲಯವೊಂದು 2022ರಲ್ಲಿ ಇದಕ್ಕಿಂತ ಭಿನ್ನವಾದ ನಿಲುವನ್ನು ತಳೆಯಿತು. ಪಾಸ್‌ವರ್ಡು ಪೆಟ್ಟಿಗೆಯ ಕೀಲಿಕೈಯಂತೆ ಒಪ್ಪಿಸಬೇಕಾದ ವಸ್ತುವೋ, ಮನಸ್ಸಿನೊಳಗಿರುವ ಅರಿವೋ ಎಂಬುದು ಈ ಭಿನ್ನಾಭಿಪ್ರಾಯದ ತಿರುಳು.

8. ಪತ್ರಾಗಾರದ ಮುಂದಿರುವ ಪ್ರಶ್ನೆ

ಇದುವರೆಗಿನ ವಿವಾದಗಳೆಲ್ಲವೂ ಬದುಕಿರುವವರ ಪತ್ರಗಳನ್ನು ಕುರಿತವು. ಬರೆದವರು ಗತಿಸಿದ ಮೇಲೆ ಏನು ಎಂಬ ಪ್ರಶ್ನೆ ಸಂಶೋಧಕರದು. ಹಳೆಯ ಗೂಢಲಿಪಿಯ ಪತ್ರಗಳು ಕೀಲಿಕೈ ಕಳೆದುಹೋದರೂ ಓದಿಗೆ ಒಲಿದ ನಿದರ್ಶನಗಳಿವೆ. ಸ್ಕಾಟ್‌ಲೆಂಡಿನ ರಾಣಿ ಮೇರಿ 1578ರಿಂದ 1584ರವರೆಗೆ ಸೆರೆಯಲ್ಲಿದ್ದಾಗ ಬರೆದ 57 ಪತ್ರಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಟಲಿಗೆ ಸಂಬಂಧಿಸಿದ ಕಾಗದಗಳೆಂದು ತಪ್ಪಾಗಿ ವರ್ಗೀಕೃತವಾಗಿದ್ದವು. ಜಾರ್ಜ್ ಲಾಸ್ರಿ, ನಾರ್ಬರ್ಟ್ ಬೀರ್‌ಮನ್ ಮತ್ತು ಸಾತೋಶಿ ತೊಮೊಕಿಯೊ ಅವರು ಗಣಕದ ನೆರವಿನಿಂದ ಅವುಗಳನ್ನು ಬಿಡಿಸಿ 2023ರಲ್ಲಿ ಪ್ರಕಟಿಸಿದರು. ಕೀಲಿಕೈಯ ಮಹತ್ವವನ್ನು ಕನ್ನಡದ ವಿದ್ವಾಂಸರು ಬೇರೊಂದು ಬಗೆಯಲ್ಲಿ ಬಲ್ಲರು. 1ರಿಂದ 64ರವರೆಗಿನ ಅಂಕಿಗಳನ್ನು 27 ಅಡ್ಡ, 27 ಉದ್ದದ ಮನೆಗಳಲ್ಲಿ ತುಂಬಿದ ಸಿರಿಭೂವಲಯದ ಕಾಲ, ಕರ್ತೃತ್ವ ಮತ್ತು ಓದುವ ಕ್ರಮಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಮೂಲಪ್ರತಿಯೊಡನೆ ಅದನ್ನು ಓದುವ ಕ್ರಮವೂ ಖಚಿತವಾಗಿ ಉಳಿದು ಬಾರದಿದ್ದರೆ ವಿದ್ವತ್ತು ಎದುರಿಸುವ ಕಷ್ಟಕ್ಕೆ ಅದು ನಿದರ್ಶನ.

ಆಧುನಿಕ ಗೂಢಲಿಪಿಯು ಮೇರಿಯ ಲಿಪಿಯಂತೆ ಜಾಣ್ಮೆಗೆ ಒಲಿಯುವುದಿಲ್ಲ. ಸಾಹಿತಿಯೊಬ್ಬರ ಗಣಕವು ಗ್ರಂಥಾಲಯಕ್ಕೆ ದಾನವಾಗಿ ಬಂದು, ಅವರ ಖಾಸಗಿ ಕೀಲಿಕೈಯಾಗಲಿ ಪಾಸ್‌ವರ್ಡಾಗಲಿ ಬಾರದಿದ್ದರೆ, ಗ್ರಂಥಾಲಯಕ್ಕೆ ದೊರೆಯುವುದು ವಿಳಾಸ, ದಿನಾಂಕ ಮತ್ತು ವಿಷಯಸೂಚಿಯ ಸಾಲು ಮಾತ್ರ. ಯಾರು ಯಾರಿಗೆ ಎಂದು ಬರೆದರು ಎಂಬುದು ತಿಳಿಯುತ್ತದೆ. ಏನು ಬರೆದರು ಎಂಬುದು ತಿಳಿಯದು.

ಇಲ್ಲಿ ಒಂದು ವಿರೋಧಾಭಾಸವಿದೆ. ಪಿಜಿಪಿಯಲ್ಲಿ ಒಬ್ಬ ವ್ಯಕ್ತಿಯ ಒಂದೇ ಖಾಸಗಿ ಕೀಲಿಕೈ ವರ್ಷಾನುಗಟ್ಟಲೆಯ ಪತ್ರಗಳೆಲ್ಲವನ್ನೂ ತೆರೆಯುತ್ತದೆ. ಇದನ್ನು ಬೊರಿಸೊವ್, ಗೋಲ್ಡ್‌ಬರ್ಗ್ ಮತ್ತು ಬ್ರೂವರ್ ಅವರು 2004ರಲ್ಲಿಯೇ ದೋಷವೆಂದು ಗುರುತಿಸಿದ್ದರು. ಕೀಲಿಕೈ ಒಮ್ಮೆ ಕಳುವಾದರೆ ಹಳೆಯ ಪತ್ರಗಳೆಲ್ಲ ಬಯಲಾಗುತ್ತವೆ ಎಂಬುದು ಅವರ ಆಕ್ಷೇಪ. ಅನಂತರ ಬಂದ ಸಿಗ್ನಲ್ ಮೊದಲಾದ ಸಂದೇಶ ವ್ಯವಸ್ಥೆಗಳು ಪ್ರತಿಯೊಂದು ಸಂದೇಶಕ್ಕೂ ಕೀಲಿಕೈಯನ್ನು ಬದಲಿಸಿ ಹಳೆಯದನ್ನು ಅಳಿಸಿಹಾಕುತ್ತವೆ. ಭದ್ರತಾ ತಜ್ಞರಿಗೆ ಪಿಜಿಪಿಯ ದೋಷವಾಗಿ ಕಂಡ ಗುಣವೇ ಪತ್ರಾಗಾರದ ಪಾಲಿಗೆ ಏಕೈಕ ದಾರಿ. ಒಂದು ಕೀಲಿಕೈಯನ್ನು ಜೋಪಾನವಾಗಿ ಪಡೆದರೆ ಒಂದು ಜೀವಮಾನದ ಪತ್ರಸಂಗ್ರಹವು ಓದಿಗೆ ದೊರೆಯುತ್ತದೆ.

ಆದ್ದರಿಂದ ಗ್ರಂಥಾಲಯಗಳು ಅಂಕೀಯ ಸಂಗ್ರಹಗಳನ್ನು ಸ್ವೀಕರಿಸುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ದಾನಿಗಳು ಬದುಕಿರುವಾಗಲೇ ಖಾಸಗಿ ಕೀಲಿಕೈ ಮತ್ತು ಪಾಸ್‌ವರ್ಡುಗಳ ಬಗ್ಗೆ ಲಿಖಿತ ಒಪ್ಪಂದವಿರಬೇಕು. ಅವಧಿ ಮುಗಿದ ಕೀಲಿಕೈಯನ್ನು ನಿರುಪಯುಕ್ತವೆಂದು ಎಸೆಯಬಾರದು. ಅವಧಿ ಮುಗಿದರೂ ಹಳೆಯ ಪತ್ರಗಳನ್ನು ಅದು ತೆರೆಯುತ್ತದೆ. ಬಿಡಿಸಿದ ಪ್ರತಿಯೊಡನೆ ಗೂಢರೂಪದ ಮೂಲವನ್ನೂ ಉಳಿಸಬೇಕು. ಅಂಕೀಯ ಸಹಿಯ ಪರೀಕ್ಷೆಗೆ ಅದು ಅಗತ್ಯ. ಸಹಿ ಮಾಡುವ ಕೀಲಿಕೈ ಮತ್ತು ಓದುವ ಕೀಲಿಕೈ ಬೇರೆ ಬೇರೆಯಾಗಿದ್ದರೆ, ಓದುವುದನ್ನು ಮಾತ್ರ ಪಡೆಯುವುದು ಕ್ಷೇಮ. ಇಲ್ಲವಾದರೆ ಗತಿಸಿದವರ ಹೆಸರಿನಲ್ಲಿ ಹೊಸ ಪತ್ರ ಹುಟ್ಟಿಸುವ ಶಕ್ತಿ ಗ್ರಂಥಾಲಯದ ವಶಕ್ಕೆ ಬರುತ್ತದೆ. ಪತ್ರದ ಮತ್ತೊಂದು ತುದಿಯಲ್ಲಿದ್ದವರು ದಾನಕ್ಕೆ ಒಪ್ಪಿದವರಲ್ಲವಾದ್ದರಿಂದ, ನಿಗದಿತ ವರ್ಷಗಳವರೆಗೆ ಸಂಗ್ರಹವನ್ನು ಮುಚ್ಚಿಡುವ ಕ್ರಮವೂ ಬೇಕು.

9. ಉಪಸಂಹಾರ

ಗಣಿತವು ಮುಂದೆಯೂ ಬದಲಾಗುತ್ತದೆ. ಕ್ವಾಂಟಮ್ ಗಣಕವು ದೊಡ್ಡ ಸಂಖ್ಯೆಗಳನ್ನು ಸುಲಭವಾಗಿ ಅಪವರ್ತಿಸಬಲ್ಲದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಅಂತಹ ಗಣಕವನ್ನು ಎದುರಿಸಬಲ್ಲ ಹೊಸ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಇಂದು ಮುಚ್ಚಿದ ಪತ್ರಗಳು ಎಂದೋ ತಾವಾಗಿ ತೆರೆದಾವು ಎಂದು ಪತ್ರಾಗಾರವು ಕಾಯುತ್ತ ಕುಳಿತುಕೊಳ್ಳಲಾಗದು.

ಮೇಲಿನ ಘಟ್ಟಗಳನ್ನು ಒಟ್ಟಾಗಿ ಕಂಡಾಗ ಒಂದು ಸಂಗತಿ ಸ್ಥಿರವಾಗಿ ತೋರುತ್ತದೆ. ಝಿಮ್ಮರ್‌ಮನ್ ಕೀಲಿಕೈಯನ್ನು ನಾಗರಿಕನ ಕೈಗಿತ್ತರು. ಕ್ಲಿಪರ್ ಯೋಜನೆ ಅದರ ಪ್ರತಿಯನ್ನು ಸರಕಾರದ ಕಪಾಟಿನಲ್ಲಿಡಲು ಬಯಸಿತು. ಲಾವಾಬಿಟ್ ಪ್ರಕರಣದಲ್ಲಿ ಅದು ಮಧ್ಯವರ್ತಿಯ ಬಳಿ ಇತ್ತು. ನಮ್ಮ ಕಾಯಿದೆಯು ಅದನ್ನು ಜೋಪಾನ ಮಾಡೆಂದು ಒಂದು ಕಲಮಿನಲ್ಲಿ ಹೇಳಿ, ಬೇಕಾದಾಗ ಪತ್ರವನ್ನು ಬಿಡಿಸಿಕೊಡೆಂದು ಮತ್ತೊಂದರಲ್ಲಿ ಹೇಳಿತು. ಓದುವ ಅಧಿಕಾರ ಯಾರದು ಎಂಬುದನ್ನು ಪ್ರತಿಯೊಂದು ಕಾಲವೂ ಕಾನೂನು ಮತ್ತು ವಿಶ್ವಾಸಗಳ ನೆಲೆಯಲ್ಲಿ ನಿರ್ಧರಿಸಿಕೊಂಡಿದೆ. ಬರೆದವರ ಗೋಪ್ಯತೆಗೆ ಭಂಗ ಬಾರದಂತೆ, ಬರಲಿರುವ ಓದುಗರಿಗೂ ಆಕರವು ಕೈತಪ್ಪದಂತೆ ಕೀಲಿಕೈಯನ್ನು ಕಾಯುವ ಹೊಣೆ ಈಗ ಗ್ರಂಥಾಲಯಗಳದು. ಇಂದಿನ ಕನ್ನಡ ಲೇಖಕರ ಪತ್ರವ್ಯವಹಾರವನ್ನು ಮುಂದಿನ ತಲೆಮಾರಿನ ಸಂಶೋಧಕರು ಓದಬೇಕಾದರೆ, ಆ ಹೊಣೆಯನ್ನು ಲೇಖಕರು ಬದುಕಿರುವಾಗಲೇ, ಅವರ ಸಮ್ಮತಿಯೊಡನೆ, ವಹಿಸಿಕೊಳ್ಳಬೇಕಾಗುತ್ತದೆ.